ಸಿಂಕ್ ಕೆಳಗಿನ ಕಪಾಟು ಉಬ್ಬಿದ ಮೇಲೆ

ಹೊಸ ಮನೆಗೆ ಬಂದು ಎಂಟು ತಿಂಗಳಾಗಿತ್ತು ಅಷ್ಟೇ. ಸಿಂಕ್ ಕೆಳಗಿನ ಕಪಾಟು ಉಬ್ಬಿ, ಬಾಗಿಲು ಮುಚ್ಚುವುದೇ ನಿಂತುಹೋಯಿತು. ರಿಪೇರಿಗೆ ಬಂದ ಆಚಾರ್ರು ಬೆರಳ ಗೆಣ್ಣಿನಿಂದ ಒಂದೆರಡು ಸಲ ತಟ್ಟಿದರು. "ಇದು ಪ್ಲೈವುಡ್ ಅಲ್ಲಮ್ಮ" ಅಂದರು. ಅಂಚಿನ ಲ್ಯಾಮಿನೇಟ್ ಎತ್ತಿದರೆ ಒಳಗೆ ನೆನೆದ ಹೊಟ್ಟು. ಇಂಟೀರಿಯರ್ ಡಿಸೈನರ್ ಕೊಟ್ಟ ಕೊಟೇಶನ್‌ನಲ್ಲಿ ಬರೆದಿದ್ದದ್ದು ಐಎಸ್ 710, ಅಂದರೆ 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದ ಮೆರೈನ್ ಪ್ಲೈವುಡ್. ಹಣ ಕೊಟ್ಟಿದ್ದೂ ಅದಕ್ಕೇ.

ಕಪಾಟು ಹೋಗಲಿ ಬಿಡಿ. ನನಗೆ ನಿಜಕ್ಕೂ ಭಯವಾಗಿದ್ದು ಓವನ್ ಪ್ಲಗ್ ಬಿಸಿಯಾದಾಗ. 16 ಆಂಪಿಯರ್ ಸಾಕೆಟ್‌ಗೆ ಲೈಟ್‌ಗೆ ಎಳೆಯುವ ತೆಳು 1.5 ಸ್ಕ್ವೇರ್ (ಚದರ ಮಿ.ಮೀ.) ವೈರ್ ಹಾಕಿದ್ದರು! "4 ಸ್ಕ್ವೇರ್ ಹಾಕಬೇಕಿತ್ತು ಮೇಡಂ. ವೈರ್ ಸೀಲಿಂಗ್ ಮೇಲಿಂದ ಬಂದಿದೆ, ಈಗ ಒಡೀಬೇಕು" ಅಂದರು ಎಲೆಕ್ಟ್ರಿಷಿಯನ್. ಕೆಲಸ ಮಾಡಿಸಿದ ಡಿಸೈನರ್ ಫೋನ್ ತೆಗೆಯುತ್ತಿರಲಿಲ್ಲ.

ನಮ್ಮಲ್ಲಿ ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಲು 1972ರ ಕಾಯ್ದೆಯಡಿ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್‌ಗೆ ಅಂಥ ಕಾಯ್ದೆ ಇಲ್ಲ. ಅವರದೇ ಸಂಘವಿದೆ, ಆದರೆ ಸೇರಲೇಬೇಕು ಅಂತ ಏನಿಲ್ಲ. ಇವತ್ತು ಕಾರ್ಡ್ ಅಚ್ಚು ಹಾಕಿಸಿದರೆ ನಾಳೆ ಅಡ್ವಾನ್ಸ್ ತೆಗೆದುಕೊಳ್ಳಬಹುದು.

ಹಾಗಾದರೆ ಡಿಗ್ರಿ, ಪರೀಕ್ಷೆ, ಲೈಸೆನ್ಸ್ ಎಲ್ಲ ಕಡ್ಡಾಯ ಮಾಡಿ ಅಂತ ಗೆಳತಿಯೊಬ್ಬಳು ವಾದಿಸಿದಳು. ನಾನು ಒಪ್ಪಲಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಅದನ್ನು ಮಾಡಿ ನೋಡಿದ್ದಾರೆ. ಓದು, ಅನುಭವ ಸೇರಿ ಆರು ವರ್ಷ, ಮೇಲೆ ಪರೀಕ್ಷೆ. ಅಷ್ಟಿದ್ದೂ ಆ ಕಾನೂನು ಹಿಡಿದದ್ದು ಆಫೀಸು, ಹೋಟೆಲ್‌ನಂಥ ಕೆಲಸಗಳನ್ನು. ಮನೆ ಕೆಲಸಕ್ಕೆ ಲೈಸೆನ್ಸ್ ಬೇಕಿರಲಿಲ್ಲ! ಉಳಿತಾಯವನ್ನೆಲ್ಲ ಸುರಿದು ಮನೆ ಮಾಡಿಸುವವರಿಗೇ ರಕ್ಷಣೆ ಇಲ್ಲ ಅಂದಮೇಲೆ ಯಾರಿಗಾಗಿ ಅದು? ಕೋರ್ಟಿನಲ್ಲಿ ಗೆದ್ದಿದ್ದ ಆ ಕಾನೂನನ್ನು 2020ರಲ್ಲಿ ಸರ್ಕಾರವೇ ಸಡಿಲಿಸಿತು. ಈಗ ಅಲ್ಲಿ ಇಷ್ಟವಿದ್ದವರು ನೋಂದಾಯಿಸಿಕೊಳ್ಳಬಹುದು.

ಅಂಥ ಕಡ್ಡಾಯ ಲೈಸೆನ್ಸ್ ಇಲ್ಲಿಗೆ ಬಂದರೆ ಮೊದಲು ಹೊರಗೆ ಉಳಿಯುವವರು ನಮ್ಮ ಆಚಾರ್ರಂಥವರು. ಅಪ್ಪನ ಜೊತೆ ಉಳಿ ಹಿಡಿದು ಕಲಿತವರು. ಬೋರ್ಡನ್ನು ತಟ್ಟಿದ ಸದ್ದಿನಲ್ಲೇ ಮೋಸ ಹಿಡಿದವರು ಅವರೇ ಅಲ್ವಾ?

ಪರದೆ, ಸೋಫಾ, ಗೋಡೆ ಬಣ್ಣಕ್ಕೆ ಸರ್ಕಾರ ಬರುವುದು ಬೇಡ. ಆದರೆ ವೈರ್ ಎಳೆದರೆ, ಗೋಡೆ ಒಡೆದರೆ, ಗ್ಯಾಸ್ ಪೈಪ್ ಮುಟ್ಟಿದರೆ ಲೈಸೆನ್ಸ್ ಇದ್ದವರು ಸಹಿ ಹಾಕಿಕೊಡಲೇಬೇಕು. ಅಡ್ವಾನ್ಸ್ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ಒಂದು ನೋಂದಣಿ ಸಂಖ್ಯೆ ಇರಲಿ, ಅಂಗಡಿ ಮುಚ್ಚಿದರೂ ಹುಡುಕುವಂತೆ. ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾಯ್ದೆಯಲ್ಲಿ ಬಿಲ್ಡರ್ ನಮ್ಮ ಹಣದ ಶೇ. 70ರಷ್ಟನ್ನು ಬೇರೆ ಖಾತೆಯಲ್ಲಿಟ್ಟು, ಕೆಲಸ ನಡೆದಷ್ಟೇ ತೆಗೆಯಬೇಕು. ಮನೆಯ ಒಳಗಿನ ಕೆಲಸಕ್ಕೂ ಇಂಥದ್ದೇ ಒಂದು ನಿಯಮ ಯಾಕಿರಬಾರದು? ಗ್ರಾಹಕರ ಆಯೋಗ ಇದೆ, ನಿಜ. ಆದರೆ ಅಲ್ಲಿಗೆ ಹೋಗುವುದು ಎಲ್ಲ ಕೆಟ್ಟ ಮೇಲೆ.

ಮುಂದಿನ ತಿಂಗಳು ಅಕ್ಕನ ಮನೆ ಕೆಲಸ ಶುರು. ಸೀಲಿಂಗ್ ಮುಚ್ಚುವ ಮೊದಲು ಒಂದೊಂದು ವೈರಿನ ಫೋಟೋ ತೆಗೆದಿಟ್ಟುಕೋ ಅಂತ ಹೇಳಿದ್ದೇನೆ. ಆಚಾರ್ರ ನಂಬರನ್ನೂ ಕೊಟ್ಟಿದ್ದೇನೆ.