ದೆವ್ವ ನಂಬಿದೆ, ರಿಜಿಸ್ಟ್ರೇಷನ್ ನಂಬಲಿಲ್ಲ

ಮೊನ್ನೆ ಭಾನುವಾರ ರಾಯಚೂರಿನಲ್ಲಿ ಮನೆಮಂದಿ ಎಲ್ಲ ಸೇರಿ ಒಂದು ದೆವ್ವದ ಕಾಮಿಡಿ ಸಿನಿಮಾಕ್ಕೆ ಹೋಗಿದ್ದೆವು. ಹಳೇ ಬಂಗಲೆ, ಅದಕ್ಕೆ ಬಂದು ಸೇರುವ ದೊಡ್ಡ ಕುಟುಂಬ, ಬೀಗ ಹಾಕಿದ ಒಂದು ಕೋಣೆ, ಬೇಡ ಅಂದ್ರೂ ಅದನ್ನೇ ತೆಗೆಯುವ ಒಬ್ಬ ಭಾವ. ದೆವ್ವ ಗೋಡೆ ಹತ್ತಿತು, ನಂಬಿದೆ. ಅಜ್ಜಿಯ ಮೈಮೇಲೆ ಬಂದು ಡಿಸ್ಕೋ ಕುಣಿಯಿತು, ಅದನ್ನೂ ನಂಬಿದೆ. ಆದರೆ ಶುರುವಿನಲ್ಲಿ ಹೀರೋನ ಅಪ್ಪ "ಅಗ್ಗಕ್ಕೆ ಸಿಕ್ತು, ಬೆಳಿಗ್ಗೇನೇ ರಿಜಿಸ್ಟ್ರೇಷನ್ ಆಯ್ತು" ಅಂತ ಕೀಲಿ ಗೊಂಚಲು ಆಡಿಸಿದ ನೋಡಿ, ಅಲ್ಲಿಗೆ ನನಗೆ ಸಿನಿಮಾ ಮುಗೀತು.

ನೂರು ವರ್ಷದ ಮನೆ. ಮಾಲೀಕರೆಲ್ಲ ಸತ್ತು ದೆವ್ವ ಆಗಿದ್ದಾರೆ. ಹಾಗಾದ್ರೆ ಸಹಿ ಮಾಡಿದ್ದು ಯಾರು? ಸತ್ತವರ ಖಾತೆ ವಾರಸುದಾರರ ಹೆಸರಿಗೆ ಹೋಗೋ ಪೌತಿ ಖಾತೆ ಯಾವಾಗ ಆಯ್ತು? ವಂಶವೃಕ್ಷ ಎಲ್ಲಿ? ಮನೆ ಮೇಲೆ ಸಾಲ-ಸೋಲ ಇದೆಯಾ ಅಂತ ತೋರಿಸೋ ಇಸಿ ತೆಗೆಸಿದ್ರಾ? ಇದನ್ನ ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ. ಹಿಂದಿನ ಸೀಟಿನವರು "ಸುಮ್ನ ಕುಂದರ್ರೀ" ಅಂದರು.

ನನ್ನ ಸಂಕಟ ಅವರಿಗೇನು ಗೊತ್ತು. ನಮ್ಮ ಊರಲ್ಲೂ ಅಂಥದೊಂದು ಮನೆ ಇದೆ. ಮಣ್ಣಿನ ಮಾಳಿಗೆ, ಪಡಸಾಲೆ, ಜೋಳ ತುಂಬುತ್ತಿದ್ದ ಹಗೇವು. ಅಜ್ಜ 1991ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ದಾಖಲೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಮನೆ ತೆರಿಗೆ ಕಟ್ಟುವವರು ಅವರೇ. ಕರೆಂಟ್ ಬಿಲ್ಲು ಬರೋದೂ ಅವರ ಹೆಸರಿಗೇ. ಒಂದು ವರ್ಷವೂ ಬಾಕಿ ಇಟ್ಟಿಲ್ಲ. ಬದುಕಿದ್ದಾಗ ಇಷ್ಟು ಶಿಸ್ತು ಇರಲಿಲ್ಲ ಅಂತಾಳೆ ನಮ್ಮವ್ವ.

ಸಾವನ್ನು 21 ದಿನದೊಳಗೆ ತಿಳಿಸಬೇಕು ಅನ್ನೋದು ನಿಯಮ. ಆ 21 ದಿನದಲ್ಲಿ ನಮ್ಮವರು ದಿನಕರ್ಮ, ಊಟ, ಯಾರು ಸರಿಯಾಗಿ ಅಳಲಿಲ್ಲ ಅನ್ನೋ ಜಗಳ ಇಷ್ಟನ್ನು ಮುಗಿಸಿದ್ದೇ ದೊಡ್ಡದು. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕಾಕಾ ಒಮ್ಮೆ ಧೈರ್ಯ ಮಾಡಿ ಮನೆ ಖಾತೆ ಬದಲಿಸೋಕೆ ಕಚೇರಿಗೆ ಹೋದರು.

"ಮಾಲೀಕರ ಆಧಾರ್ ಕೊಡ್ರಿ."

"ಅವ್ರು ತೀರ್ಕೊಂಡಾರ್ರೀ."

"ಮರಣ ಪತ್ರ ಕೊಡ್ರಿ."

"ಅದು ಇಲ್ರೀ."

"ಮತ್ತ ತೀರ್ಕೊಂಡಾರಂತ ಹ್ಯಾಂಗ ಹೇಳ್ತೀರಿ? ಆಧಾರ್ ಕೊಡ್ರಿ."

ಆಧಾರ್ ನಂಬರ್ ಕೊಡೋಕೆ ಶುರು ಮಾಡಿದ್ದು 2010ರಲ್ಲಿ. ಅಜ್ಜ ಇನ್ನೊಂದು ಹತ್ತೊಂಬತ್ತು ವರ್ಷ ತಡೆದುಕೊಳ್ಳಬೇಕಿತ್ತು, ತಪ್ಪು ಅವರದೇ.

ಸಿನಿಮಾದವರಿಗೆ ನಮ್ಮ ಕಡೆಯ ಹವಾಮಾನವೂ ಗೊತ್ತಿಲ್ಲ. ರಾತ್ರಿ ಹನ್ನೆರಡಕ್ಕೆ ಕರೆಂಟ್ ಹೋಗುತ್ತೆ, ಎಲ್ಲರೂ ಕಿಟಾರನೆ ಕಿರುಚುತ್ತಾರೆ. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಇಟ್ಟುಕೊಂಡು ನಮ್ಮ ಮಂದಿ ಕತ್ತಲಲ್ಲಿ ಬೀಸಣಿಕೆ ಹುಡುಕುತ್ತಾರೆಯೇ ಹೊರತು ಕಿರುಚುವುದಿಲ್ಲ. ಮೇಲಾಗಿ ಮೇ ತಿಂಗಳಲ್ಲಿ ಮನೆಯೊಳಗೆ ಮಲಗುವವರು ಯಾರು? ಎಲ್ಲರೂ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಬಿಳಿ ಸೀರೆಯ ದೆವ್ವ ಕೆಳಗೆ ಒಂದೇ ಬೆವರುತ್ತಾ ಕೂತು, ಕೊನೆಗೆ ತಾನೂ ಒಂದು ಚಾಪೆ ತಗೊಂಡು ಮೇಲೆ ಬರಬೇಕು ಅಷ್ಟೇ.

ಸಿನಿಮಾದ ಕೊನೆಯಲ್ಲಿ ಮಂತ್ರವಾದಿ ಬಂದ. ನಾಲ್ಕು ನಿಂಬೆಹಣ್ಣು, ಹತ್ತು ನಿಮಿಷ, ದೆವ್ವಕ್ಕೆ ಮುಕ್ತಿ. ನಮ್ಮ ಮಂತ್ರವಾದಿ ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಕಟ್ಟೆ ಮೇಲೆ ಕೂತಿರುತ್ತಾನೆ. ಅವನಿಗೆ ನಿಂಬೆಹಣ್ಣು ಬೇಡ, ಮೂರು ಸೆಟ್ ಜೆರಾಕ್ಸ್ ಬೇಕು, ಚಹಾ ಬೇಕು, "ಸಾಹೇಬ್ರಿಗೆ" ಅಂತ ಪ್ರತ್ಯೇಕ ದಕ್ಷಿಣೆ ಬೇಕು. ಎರಡು ಸಲ ದಕ್ಷಿಣೆ ಕೊಟ್ಟಿದ್ದೇವೆ. ಎರಡು ಸಲವೂ ಸಾಹೇಬರಿಗೆ ವರ್ಗ ಆಯಿತು. ಮುಕ್ತಿ ಸಿಕ್ಕಿದ್ದು ಅವರಿಗೆ.

ಇನ್ನು ವಂಶವೃಕ್ಷ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ನಮ್ಮ ದೊಡ್ಡಪ್ಪನಿಗೆ ತಂಗಿಯರ ಮೇಲೆ ವಿಪರೀತ ಪ್ರೀತಿ ಉಕ್ಕಿತು. ಪಂಚಮಿಗೆ ಬಂದವರಿಗೆ ಸೀರೆ, ಉಂಡಿ ಮತ್ತು ಸಹಿ ಮಾಡಲು ಒಂದು ಕಾಗದ. ಅತ್ತೆಯರು ಸೀರೆ ಉಟ್ಟರು, ಉಂಡಿ ತಿಂದರು, ಕಾಗದ ಓದಿದರು, ಹೋದರು. ಒಳ್ಳೇದೇ ಮಾಡಿದರು ಅನ್ನಿ.

ಈ ಸಲ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅವ್ವ ಅಜ್ಜನ ಫೋಟೋ ಮುಂದೆ ಹೋಳಿಗೆ, ಕಟ್ಟಿನ ಸಾರು, ಎಲೆ ಅಡಿಕೆ ಎಲ್ಲ ಎಡೆ ಇಟ್ಟಳು. ಕಾಕಾ ಒಳಗೆ ಹೋಗಿ ಛಾಪಾ ಕಾಗದ ತಂದು ಎಡೆಯ ಪಕ್ಕದಲ್ಲಿ ಹರಡಿದರು. ಜೇಬಿನಿಂದ ಪೆನ್ನು ತೆಗೆದು, ಅದರ ಟೋಪಿ ಬಿಚ್ಚಿ ಕಾಗದದ ಮೇಲಿಟ್ಟು, ಎಲ್ಲರನ್ನೂ ಹೊರಗೆ ಕರೆದು ಬಾಗಿಲು ಎಳೆದುಕೊಂಡರು.