ಕಾಲುವೆಯ ಉದ್ದ ಗೊತ್ತು, ಒಣಗಿದ ನೆಲ ಎಷ್ಟು?

ಐಸ್‌ಲ್ಯಾಂಡ್‌ನಲ್ಲಿ ಜೌಗು ನೆಲ ಬತ್ತಿಸಲು ತೋಡಿದ ಬಸಿಗಾಲುವೆಗಳ ಒಟ್ಟು ಉದ್ದ ಸುಮಾರು 30 ಸಾವಿರ ಕಿ.ಮೀ. ಆ ದೇಶದ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ತಲೆಗೆ 75 ಮೀಟರ್ ಕಾಲುವೆ ಬಂತು!

ಅಡಿಕೆ ತೋಟ ಇರುವವರಿಗೆ ಬಸಿಗಾಲುವೆ ಏನೆಂದು ಹೇಳಬೇಕಾಗಿಲ್ಲ. ಅಲ್ಲಿಯದೂ ಅದೇ ಕೆಲಸ ಮಾಡುತ್ತದೆ, ಬೇರಿನ ಬುಡದ ನೀರು ಇಳಿಸುತ್ತದೆ. ಮಣ್ಣು ಮಾತ್ರ ಬೇರೆ. ಹುಲ್ಲು, ಪಾಚಿ, ಬೇರು ನೀರಿನಡಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತದ್ದೇ ಪೀಟ್ ಮಣ್ಣು. ನೀರು ಇಳಿದ ಕೂಡಲೇ ಅದರೊಳಗೆ ಗಾಳಿ ಹೊಕ್ಕುತ್ತದೆ, ಸೂಕ್ಷ್ಮಜೀವಿಗಳು ತಿನ್ನತೊಡಗುತ್ತವೆ. ಮಣ್ಣಿನ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ, ನೆಲ ಕುಗ್ಗುತ್ತಾ ಬರುತ್ತದೆ. ಕಾಲುವೆ ತೋಡಿ ಅರವತ್ತು ವರ್ಷ ಕಳೆದರೂ ಇದು ನಿಲ್ಲುವುದಿಲ್ಲ.

1923ರ ಕಾಯ್ದೆಯಿಂದ ಈ ಕೆಲಸಕ್ಕೆ ಸರ್ಕಾರದ ಸಹಾಯಧನ ಶುರುವಾಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಅಗೆಯುವ ಯಂತ್ರಗಳು ಬಂದವು, ಮುಂದಿನ ನಾಲ್ಕು ದಶಕ ಎಡೆಬಿಡದೆ ತೋಡಿದರು. ದಕ್ಷಿಣದ ತಗ್ಗು ನೆಲದಲ್ಲಂತೂ ಮುಟ್ಟದ ಜೌಗು ಹುಡುಕುವುದೇ ಕಷ್ಟ. ಹೀಗೆ ಬತ್ತಿಸಿದ್ದರಲ್ಲಿ ಹುಲ್ಲು ಬೆಳೆಯಲು ಸಾಗುವಳಿಯಾದದ್ದು ಸುಮಾರು ಏಳರಲ್ಲಿ ಒಂದು ಪಾಲು ಮಾತ್ರ. ಮಿಕ್ಕದ್ದರಲ್ಲಿ ಕುರಿ, ಕುದುರೆ ಮೇಯುತ್ತವೆ, ಎಷ್ಟೋ ಕಡೆ ಅದೂ ಇಲ್ಲ.

ಹಾಗಾದರೆ ಒಣಗಿದ ನೆಲ ಒಟ್ಟು ಎಷ್ಟು? ಬಹಳ ಕಾಲದಿಂದ ಬಳಕೆಯಲ್ಲಿರುವ ಅಂಕಿ ಸುಮಾರು 4 ಸಾವಿರ ಚದರ ಕಿ.ಮೀ. ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಈ ಅಂಕಿ ಹುಟ್ಟಿದ ಬಗೆ ತಿಳಿದರೆ ಅದನ್ನು ಎಷ್ಟು ನಂಬಬೇಕೆಂದೂ ತಿಳಿಯುತ್ತದೆ. ಉಪಗ್ರಹ ಚಿತ್ರದಲ್ಲಿ ಕಂಡ ಕಾಲುವೆಗಳನ್ನೆಲ್ಲ ಗೆರೆಗಳಾಗಿ ಎಳೆದರು. ಪ್ರತಿ ಗೆರೆಯ ಎರಡೂ ಬದಿಗೆ 200 ಮೀಟರ್ ಅಗಲದ ಪಟ್ಟಿ ಇಟ್ಟರು. ಒಂದರ ಮೇಲೊಂದು ಬಿದ್ದ ಪಟ್ಟಿಗಳನ್ನು ಒಮ್ಮೆ ಮಾತ್ರ ಎಣಿಸಿ, ಮೊದಲಿಂದಲೂ ಒಣ ಭೂಮಿಯಾಗಿದ್ದದ್ದನ್ನು ಕಳೆದರು. ಉಳಿದದ್ದೇ ಒಣಗಿದ ಜೌಗು.

200 ಮೀಟರ್ ಎನ್ನುವುದು ಒಂದು ಸರಾಸರಿ ಅಂದಾಜು. ನೀರು ಅದರ ಮಾತು ಕೇಳುವುದಿಲ್ಲ. ಇಳಿಜಾರಿನಲ್ಲಿ ಅಡ್ಡ ತೋಡಿದ ಕಾಲುವೆ ಮೇಲಿಂದ ಬರುವ ನೀರನ್ನು ತಡೆದು ಕೆಳಬದಿಯನ್ನು ದೂರದವರೆಗೆ ಒಣಗಿಸುತ್ತದೆ, ಮೇಲ್ಬದಿ ಅಷ್ಟು ಒಣಗುವುದಿಲ್ಲ. ಜ್ವಾಲಾಮುಖಿಯ ದಪ್ಪ ಬೂದಿಯ ಪದರ ನಡುವೆ ಇದ್ದರೆ ನೀರು ಅದರೊಳಗಿಂದ ಪಕ್ಕಕ್ಕೆ ಹರಿದುಹೋಗುತ್ತದೆ. ದಡ ಕುಸಿದು, ಹುಲ್ಲು ತುಂಬಿ ಅರ್ಧ ಮುಚ್ಚಿದ ಹಳೆಯ ಕಾಲುವೆಯ ಪಕ್ಕ ನೀರು ತಾನಾಗಿಯೇ ಮೇಲೆ ಬಂದಿರುತ್ತದೆ, ನಕ್ಷೆಯಲ್ಲಿ ಮಾತ್ರ ಅದಿನ್ನೂ ಕಾಲುವೆಯೇ. ಇದರ ಮೇಲೆ ಮಣ್ಣಿನದೇ ಒಂದು ತಕರಾರು. ಗಾಳಿಗೆ ಹಾರಿ ಬಂದ ಬೂದಿ, ಧೂಳು ಪೀಟ್‌ನೊಳಗೆ ಬೆರೆತು ಇಂಗಾಲದ ಪಾಲು ಇಳಿದಿರುತ್ತದೆ. ನೀರು ನಿಲ್ಲುವ ಮಣ್ಣನ್ನು ಸಾವಯವ ಮಣ್ಣು ಎನ್ನಬೇಕಾದರೆ ಕನಿಷ್ಠ 12 ಶೇಕಡಾ ಇಂಗಾಲ ಬೇಕು, ಜೇಡಿ ಹೆಚ್ಚಿದ್ದರೆ 18ರವರೆಗೆ. ಇಲ್ಲಿನ ಎಷ್ಟೋ ನೆಲ ಈ ಗೆರೆಯ ಅಂಚಿನಲ್ಲೇ ಇದೆ.

ಈ ತಪ್ಪು ಎಲ್ಲ ಕಡೆಯೂ ಒಂದೇ ಸಮ ಇಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹುಲ್ಲುಗಾವಲಿನೊಳಗೆ ಕಾಲುವೆಗಳು ಹತ್ತಿರ ಹತ್ತಿರ ಇರುತ್ತವೆ. ಅಲ್ಲಿ 200ರ ಬದಲು 100 ಮೀಟರ್ ಇಟ್ಟರೂ ಪಟ್ಟಿಗಳು ಕೂಡಿಕೊಳ್ಳುವುದರಿಂದ ಲೆಕ್ಕ ಅಷ್ಟಾಗಿ ಬದಲಾಗದು. ಒಂಟಿ ಕಾಲುವೆಯಾದರೆ ವಿಸ್ತೀರ್ಣ ನೇರ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಅನುಮಾನವೆಲ್ಲ ದೂರದ, ಯಾರಿಗೂ ಉಪಯೋಗವಿಲ್ಲದ ನೆಲದ ಮೇಲೆಯೇ ಬೀಳುತ್ತದೆ. ಕಾಲುವೆ ಮುಚ್ಚಿದರೆ ನೀರು ಮತ್ತೆ ಮೇಲೆ ಬಂದು ಇಂಗಾಲ ಹೋಗುವುದು ತಗ್ಗುತ್ತದೆ. ಆ ನೆಲದ ಕಾಲುವೆ ಮುಚ್ಚಲು ಅಂಕಿ ಪಕ್ಕಾ ಆಗುವ ತನಕ ಕಾಯಬೇಕು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಲೆಕ್ಕದ ಪ್ರಕಾರ ಈ ಹವಾಮಾನದಲ್ಲಿ ಬತ್ತಿಸಿದ ಹುಲ್ಲುನೆಲದ ಒಂದು ಹೆಕ್ಟೇರಿನಿಂದ ವರ್ಷಕ್ಕೆ 5.7 ಟನ್ ಇಂಗಾಲ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಿ ಸುಮಾರು 21 ಟನ್. 4 ಸಾವಿರ ಚದರ ಕಿ.ಮೀ.ಗೆ ಗುಣಿಸಿದರೆ 80 ಲಕ್ಷ ಟನ್ ದಾಟುತ್ತದೆ. ವಿಸ್ತೀರ್ಣ ಅರ್ಧವೇ ಎಂದುಕೊಂಡರೂ 40 ಲಕ್ಷ ಟನ್ ಉಳಿಯುತ್ತದೆ. ಅದು ಸಣ್ಣ ಮೊತ್ತವೇ?

ಅಳತೆಯೂ ಆಗಲಿ, ಕೆಲಸದ ಜೊತೆಜೊತೆಗೇ. ತೂತು ಕೊರೆದು ಬಲೆ ಸುತ್ತಿದ ಪಿವಿಸಿ ಪೈಪುಗಳನ್ನು ಕಾಲುವೆಗೆ ಅಡ್ಡಲಾಗಿ ಎರಡೂ ಬದಿ 5, 20, 50, 100, 200 ಮೀಟರ್ ದೂರದಲ್ಲಿ ಇಳಿಸಿ, ಬೇಸಿಗೆಯಿಡೀ ಎರಡು ವಾರಕ್ಕೊಮ್ಮೆ ನೀರಿನ ಮಟ್ಟ ಬರೆದುಕೊಂಡರೆ ಸಾಕು. ಪೈಪಿನ ಬುಡ ಪೀಟ್‌ನ ಕೆಳಗಿನ ಗಟ್ಟಿ ಪದರಕ್ಕೆ ಊರಿರಬೇಕು. ಇಲ್ಲವಾದರೆ ನೆಲ ಉಬ್ಬಿ ಇಳಿದಂತೆ ಪೈಪೂ ಏರಿ ಇಳಿದು ಅಳತೆ ಕೆಡುತ್ತದೆ.

ಮುಚ್ಚುವಾಗ ಎಡವುವುದು ಆತುರದಿಂದ. ಮೊದಲು ಕಾಲುವೆಯೊಳಗಿನ, ದಡದ ಮಣ್ಣಿನ ದಿಬ್ಬದ ಮೇಲಿನ ಹುಲ್ಲಿನ ಹೆಂಟೆಗಳನ್ನು ಬೇರುಸಮೇತ ಎತ್ತಿ ಪಕ್ಕಕ್ಕಿಡಬೇಕು. ಆಮೇಲೆ ಹಿಂದೆ ತೋಡಿ ದಡದಲ್ಲಿ ಹಾಕಿದ ಮಣ್ಣನ್ನೇ ಒಳಗೆ ತಳ್ಳಿ, ಪದರ ಪದರವಾಗಿ ಯಂತ್ರದ ಬಕೆಟ್‌ನಿಂದ ಒತ್ತಬೇಕು. ನೆಲಮಟ್ಟಕ್ಕಿಂತ ಮೇಲೆಯೇ ತುಂಬಿಸಬೇಕು, ಏಕೆಂದರೆ ಅದು ಇಳಿದೇ ಇಳಿಯುತ್ತದೆ. ಕೊನೆಗೆ ಹೆಂಟೆ ಹೊದಿಸುವುದು. ಸಡಿಲ ಮಣ್ಣು ಸುರಿದು ಬಿಟ್ಟರೆ ಹಿಮ ಕರಗುವಾಗ ನೀರು ಅದನ್ನೇ ಕೊರೆದು ಹಳೆಯ ದಾರಿ ಹಿಡಿಯುತ್ತದೆ. ದಡದ ಮಣ್ಣೂ ಇಷ್ಟು ವರ್ಷ ಗಾಳಿಗೆ ಸವೆದಿರುವುದರಿಂದ ಅನೇಕ ಸಲ ಸಾಲುವುದಿಲ್ಲ. ಆಗ ಅಲ್ಲಲ್ಲಿ ಗಟ್ಟಿ ಒಡ್ಡು ಹಾಕಬೇಕು, ಇಳಿಜಾರು ಹೆಚ್ಚಿದ್ದಷ್ಟೂ ಒಡ್ಡುಗಳು ಹತ್ತಿರವಿರಬೇಕು. ನೀರು ನೆಲದ ಮೇಲೆ ಕೆರೆಯಂತೆ ನಿಂತು ಗಿಡ ಸತ್ತರೆ ಮೀಥೇನ್ ಏರುತ್ತದೆ, ಹಾಗಾಗಿ ಮಟ್ಟ ನೆಲದ ಸ್ವಲ್ಪ ಕೆಳಗೇ ನಿಲ್ಲಬೇಕು. ಪಕ್ಕದ ರೈತನ ಹುಲ್ಲುಗಾವಲಿಗೆ ನೀರು ನುಗ್ಗದಂತೆ ಗಡಿಯ ಕಾಲುವೆ ಉಳಿಸಬೇಕು. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಯಂತ್ರ ಇಳಿಸಲೇಬಾರದು.

2018ರಲ್ಲಿ ಇದಕ್ಕೆಂದೇ ಜೌಗುಭೂಮಿ ನಿಧಿಯೊಂದು ಹುಟ್ಟಿತು. ಆದರೂ 30 ಸಾವಿರ ಕಿ.ಮೀ. ಮುಂದೆ ಮುಚ್ಚಿದ್ದು ತೀರ ಕಡಿಮೆ. ಮೇವಿಗೆ ಬೇಕಾದ ಗದ್ದೆ ರೈತರ ಬಳಿಯೇ ಇರಲಿ. ಬಳಕೆಯಿಲ್ಲದ ಒಂಟಿ ಕಾಲುವೆಗಳಿಂದ ಶುರು ಮಾಡಿ, ಮುಚ್ಚಿದ ಮೇಲೆ ಎರಡು ಬೇಸಿಗೆ ಅದೇ ಪೈಪುಗಳಲ್ಲಿ ಮಟ್ಟ ನೋಡಬೇಕು. ನೀರು ನೆಲದಿಂದ 20 ಸೆಂ.ಮೀ.ಗಿಂತ ಕೆಳಗೆ ಇಳಿಯದೆ ನಿಂತಿದ್ದರೆ ಆ ಹೆಕ್ಟೇರನ್ನು ಒಣಗಿದ ನೆಲದ ಲೆಕ್ಕದಿಂದ ಧೈರ್ಯವಾಗಿ ತೆಗೆಯಬಹುದು.