ಪೆಂಗ್ವಿನ್‌ಗಳಿಗೂ ಸುಂಕ ಹಾಕಿದ ಮಹನೀಯರಿಗೆ ಜೈ

ಅಮೆರಿಕ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಆಮದು ಸುಂಕದ ಪಟ್ಟಿ ನೆನಪಿದೆಯಲ್ಲ, ಅದ್ರಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳಿಗೂ ಶೇ 10. ಮನುಷ್ಯರೇ ಇಲ್ಲದ ಜಾಗ, ಇರೋದು ಪೆಂಗ್ವಿನ್‌ಗಳು. ಎಲ್ರೂ ಮೀಮ್ ಮಾಡಿ ನಕ್ರು, ನಂಗಂತೂ ಗೌರವನೇ ಬಂತು. ಇಷ್ಟು ವರ್ಷ ಊರಿಗೆಲ್ಲ 'ಬಾಗಿಲು ತೆಗೀರಿ, ಸುಂಕ ಇಳಿಸಿ, ಉದ್ಧಾರ ಆಗ್ತೀರಿ' ಅಂತ ಪಾಠ ಹೇಳಿದ ಮೇಷ್ಟ್ರು ಈಗ ತಾವೇ ಚಿಲಕ ಹಾಕ್ಕೊಂಡು ಕೂತಿದಾರೆ, ಅದ್ರಲ್ಲೂ ಭೇದಭಾವ ಇಲ್ಲ ನೋಡಿ, ಎರಡು ಕಾಲಿದ್ರೆ ಸಾಕು, ಕಟ್ಟು ಸುಂಕ.

ಪೆಂಗ್ವಿನ್‌ಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಡ್ಬೋದಿತ್ತು. ಕೊಟ್ರೂ ಏನ್ ಬಂತು, 1995ರಲ್ಲಿ ಅಷ್ಟು ಸಡಗರದಿಂದ ಶುರುವಾದ ಆ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಹೊಸಬರ ನೇಮಕ ಆಗದ ಹಾಗೆ ಅಮೆರಿಕನೇ ಅಡ್ಡಗಾಲು ಹಾಕಿ, 2019ರ ಡಿಸೆಂಬರ್‌ನಿಂದ ಅದು ಕೆಲಸನೇ ಮಾಡ್ತಿಲ್ಲ. ಕೇಸು ಸೋತವರು ಅಲ್ಲಿಗೊಂದು ಅಪೀಲು ಹಾಕಿ ಮನೆಗೆ ಹೋಗಿ ಮಲಗಿದ್ರಾಯ್ತು, ಅಪೀಲು ಮುಗಿಯೋವರೆಗೂ ತೀರ್ಪು ಜಾರಿಗೆ ಬರಲ್ಲ.

ಜಾಗತೀಕರಣದಿಂದ ಲಾಭನೇ ಆಗ್ಲಿಲ್ಲ ಅನ್ನೋರ ಜೊತೆಗೂ ನಾನಿಲ್ಲ. ಚೀನಾ 2001ರಲ್ಲಿ ಆ ಸಂಸ್ಥೆ ಸೇರಿದ್ಮೇಲೆ ರಫ್ತು ಮಾಡಿ ಮಾಡಿ ಕೋಟಿಗಟ್ಲೆ ಜನ ಬಡತನದಿಂದ ಮೇಲೆ ಬಂದಿದ್ದು ಸುಳ್ಳಲ್ಲ. ಅದೇ ಹೊತ್ತಲ್ಲಿ ಅಮೆರಿಕದ ಫ್ಯಾಕ್ಟರಿ ಊರುಗಳು ಬಾಗಿಲು ಮುಚ್ಚಿದ್ದೂ ಸುಳ್ಳಲ್ಲ. 'ಗೆದ್ದವರು ಸೋತವರಿಗೆ ಪರಿಹಾರ ಕೊಡ್ಬೋದು' ಅಂತ ಎಕನಾಮಿಕ್ಸ್ ಪುಸ್ತಕದಲ್ಲಿದೆ. ಕೊಡ್ಬೋದು ಸ್ವಾಮಿ. ಯಾರು ಕೊಟ್ರು?

ಐರ್ಲೆಂಡ್ ಕಥೆ ಇನ್ನೂ ಚೆಂದ. 2015ರಲ್ಲಿ ನಮ್ಮ ಜಿಡಿಪಿ ಶೇ 26 ಏರಿದೆ ಅಂತ 2016ರಲ್ಲಿ ಘೋಷಿಸಿದ್ರು. ಫ್ಯಾಕ್ಟರಿ ಎದ್ದಿರ್ಲಿಲ್ಲ, ಸಂಬಳನೂ ಆ ಲೆಕ್ಕದಲ್ಲಿ ಏರಿರ್ಲಿಲ್ಲ, ಬಹುರಾಷ್ಟ್ರೀಯ ಕಂಪನಿಗಳು ಟ್ಯಾಕ್ಸ್ ಉಳಿಸೋಕೆ ತಮ್ಮ ಪೇಟೆಂಟು ಗೀಟೆಂಟು ಎಲ್ಲ ತಂದು ಅಲ್ಲಿನ ಲೆಕ್ಕಕ್ಕೆ ಬರೆಸಿದ್ವು ಅಷ್ಟೆ. ಕೊನೆಗೆ ಅಲ್ಲಿನ ಅಂಕಿಅಂಶ ಇಲಾಖೆಗೇ ನಾಚಿಕೆ ಆಯ್ತೋ ಏನೋ, ಇದನ್ನೆಲ್ಲ ಕಳೆದು ನೋಡೋ ಬೇರೆ ಅಳತೆನೇ ಮಾಡ್ಕೊಂಡ್ರು. ಇಂಥ ಅಂಕಿ ಹಿಡ್ಕೊಂಡು ಟೀವಿಲಿ ಚರ್ಚೆ ಬೇರೆ, ರಾಷ್ಟ್ರಕ್ಕೆ ಲಾಭನಾ ನಷ್ಟನಾ ಅಂತ.

ನಗು ಸಾಕು. 2013ರ ಏಪ್ರಿಲ್, ಬಾಂಗ್ಲಾದೇಶದ ರಾಣಾ ಪ್ಲಾಜಾ. ಕಟ್ಟಡ ಬಿರುಕು ಬಿಟ್ಟಿದ್ದು ಹಿಂದಿನ ದಿನನೇ ಗೊತ್ತಾಗಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕ್‌ನೋರು ತಮ್ಮ ಸಿಬ್ಬಂದಿಗೆ ಬರ್ಬೇಡಿ ಅಂದ್ರು. ವಿದೇಶಿ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲಿಯೋರನ್ನ ಮಾತ್ರ ಬೆಳಗ್ಗೆ ಒಳಗೆ ಕಳಿಸಿದ್ರು, ಆರ್ಡರ್ ಟೈಮಿಗೆ ಹೋಗ್ಬೇಕಿತ್ತಲ್ಲ. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ರು. ಮರುವರ್ಷ ಅಲ್ಲಿಂದ ಸಿದ್ಧ ಉಡುಪಿನ ರಫ್ತು ಏರ್ತು.